ಹಲ್ಲುಗಳ ನಡುವೆ ಇನ್ನೊಂದು ಕಡ್ಡಿ

ವರ್ಷಗಟ್ಟಲೆ ಗುಟ್ಕಾ ಜಗಿದು ನನ್ನ ಗಂಡ ಗುರುಬಸವ ಅವರ ಕೆನ್ನೆಯ ಒಳಗೆ ನಾರು ಬೆಳೆದಿದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ.

ಗುಟ್ಕಾ ಬಿಟ್ಟಾಗಿದೆ. ಕೊಪ್ಪಳದ ದಂತವೈದ್ಯರು ಹೇಳಿದ್ದು ಇಷ್ಟೇ: ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ದಿನವೂ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು. ನೋವು ಪೂರ್ತಿ ಅಡಗಿದ ಮೇಲೆ ಇನ್ನೊಂದು ಕಡ್ಡಿ. ಬಾಯಿ ಮೂರು ಬೆರಳು ತೆರೆದರೆ ಸರಿ, ಇಲ್ಲದಿದ್ದರೆ ಒಳಗೆ ಕೊಯ್ಯಬೇಕು.

ಕೊಯ್ಯುವುದೆಂದರೆ ಅವರಿಗೆ ಭಯ. ಆಸೆಯೂ ಒಂದಿದೆ. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ, ಮಡಚಿ, ಕಚ್ಚಿ ತಿನ್ನಬೇಕು. ಈಗ ಅವರ ರೊಟ್ಟಿ ಹಾಲಿನಲ್ಲಿ ನೆನೆದು ಚಮಚದಲ್ಲಿ ಹೋಗುತ್ತದೆ.

ಬೆಳಗಾಗುವ ಮೊದಲೇ ನಾನು ಎದ್ದು ಕಡ್ಡಿ ತೊಳೆದು, ಗಡಿಯಾರ ಹಿಡಿದು ಎದುರು ಕೂರುತ್ತೇನೆ. ಜೊಲ್ಲು ಇಳಿಯುತ್ತದೆ, ಒರೆಸುತ್ತೇನೆ. ಆಮೇಲೆ ಶಾಲೆಗೆ ಓಡಿ ವಿಜ್ಞಾನ ಹೇಳಬೇಕು.

"ಇಷ್ಟೊತ್ತರ ಸುಮ್ಕ ಕುಂಡ್ರತಾನ, ಪುಣ್ಯ," ಎಂದು ಅತ್ತೆ ವಿರೂಪಾಕ್ಷಮ್ಮ ಒಲೆಯ ಮುಂದಿನಿಂದ ಅನ್ನುತ್ತಾರೆ.

ಬೇಸಿಗೆಯಲ್ಲಿ ನನ್ನ ಗಂಡ ಕಡ್ಡಿಗಳ ಬದಲಿಗೆಂದು ಕಿನ್ನಾಳದಿಂದ ಒಂದು ಬೆಣೆ ತಂದರು. ಗೊಂಬೆ ಮಾಡುವ ಹುಲಗಪ್ಪನಿಂದ ಹಗುರ ಕಟ್ಟಿಗೆಯಲ್ಲಿ ಕೆತ್ತಿಸಿದ್ದು, ನುಣುಪಾಗಿತ್ತು.

"ಇದು ಯಾವ ಗೊಂಬಿ ಮೂಗ್ರಿ ಅಂತ ಕೇಳಿದ," ಎಂದು ನಕ್ಕರು. ನಗುವೂ ಎರಡು ಬೆರಳಿನೊಳಗೇ.

"ಡಾಕ್ಟರ್ ಹೇಳಿದ್ದು ಕಡ್ಡಿರಿ."

"ಒಂದೊಂದ ಕಡ್ಡಿ ಏರಿಸ್ಕೊಂತ ಹೋದ್ರ ನಾ ಮುದುಕ ಆಗ್ತೀನಿ."

ಕುಷ್ಟಗಿಯಲ್ಲಿ ಅವರದು ಬೀಜ, ಕೀಟನಾಶಕದ ಅಂಗಡಿ; ಕೀಟನಾಶಕಕ್ಕೆ ರೈತರು ಎಣ್ಣಿ ಅನ್ನುತ್ತಾರೆ. "ಎಣ್ಣಿ ಡಬಲ್ ಹೊಡದ್ರ ಬೆಳಿ ಸುಡತೈತಿ ಅಂತ ರೈತರಿಗೆ ನೀವ ಹೇಳ್ತೀರಿ," ಎಂದೆ.

"ಇದು ಬೆಳಿ ಅಲ್ಲ."

ನಾನು ಮತ್ತೆ ವಾದಿಸಲಿಲ್ಲ. ಬೇಗ ಮುಗಿದರೆ ಬೆಳಗಿನ ನಿದ್ದೆಯಾದರೂ ಉಳಿದೀತು ಎನಿಸಿತ್ತು.

ಅವರು ಬೆಣೆಯನ್ನು ಕಚ್ಚಿ, ಅಂಗೈಯಿಂದ ಒಳಗೆ ತಳ್ಳಿದರು. ಏನೋ ಹರಿದ ಹಾಗಾಯಿತು. ಟವೆಲ್ ತುಂಬ ರಕ್ತ.

ಗಾಯ ಮಾಯುವಾಗ ಚರ್ಮ ಇನ್ನಷ್ಟು ಬಿಗಿದುಕೊಂಡಿತು. ವೈದ್ಯರು ಅಳೆದು ನೋಡಿದರು. ತಿಂಗಳುಗಳಿಂದ ಗಳಿಸಿದ್ದೆಲ್ಲ ಹೋಗಿತ್ತು. "ಮೊದಲಿಂದ ಶುರು ಮಾಡ್ರಿ," ಎಂದರು, ಬೈಯಲಿಲ್ಲ.

ಬಸ್ಸಿಳಿದು ಅವರು ನೇರ ಅಂಗಡಿಗೆ ಹೋದರು. ಬೆಣೆ ಅಂಗಡಿಯ ಅಲ್ಲಾಡುವ ಮೇಜಿನ ಕಾಲಡಿ ಸೇರಿತು.

ಮರುದಿನ ನನಗೆ ಎಚ್ಚರವಾದಾಗ ತಡವಾಗಿತ್ತು. ಗಾಬರಿಯಿಂದ ಹೊರಗೆ ಬಂದೆ. ಅವರು ಮಂಚದ ಮೇಲೆ ಕೂತು, ತೊಳೆದ ಕಡ್ಡಿಗಳನ್ನು ಜೋಡಿಸುತ್ತಿದ್ದರು.

"ಎಷ್ಟ ಕಡ್ಡಿ ಇಡ್ಲಿ?" ಎಂದು ಕೇಳಿದರು.

"ನೋಯದಷ್ಟು."

ಜೋಡಿಸಿದ್ದರಲ್ಲಿ ಒಂದು ಕಡ್ಡಿ ತೆಗೆದು ಪಕ್ಕಕ್ಕಿಟ್ಟು ಉಳಿದವನ್ನು ಕಚ್ಚಿಕೊಂಡರು. ಅತ್ತೆ ರೊಟ್ಟಿ ಮುರಿದು ಹಾಲಿಗೆ ಹಾಕಿದರು. ನಾನು ಗಡಿಯಾರ ತಂದೆ. ಅವರು ಅದನ್ನೂ ಟವೆಲನ್ನೂ ನನ್ನ ಕೈಯಿಂದ ತೆಗೆದುಕೊಂಡು, ಹೋಗಿ ಮಲಗು ಎಂದು ಸನ್ನೆ ಮಾಡಿದರು.

ನಾನು ಅಲ್ಲೇ ಗೋಡೆಗೆ ಒರಗಿದೆ. ಕಣ್ಣು ಮುಚ್ಚಿತು. ಕಿವಿ ಮಾತ್ರ ಗಡಿಯಾರದ ಕಡೆಗೇ ಇತ್ತು.