ಸಿಂಹದ ಗುಹೆಯ ಕ್ಯೂ

ನನ್ನ ಅಳಿಯನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಅವನ ಕೊರಳಲ್ಲಿ ನೇತಾಡುವ ಕಾರ್ಡಿನಲ್ಲಿ 'ಅನುಭವ ವಿಸ್ತರಣಾಧಿಕಾರಿ' ಎಂದು ಬರೆದಿದೆ. ಬಿಡಿಸಿ ಹೇಳುತ್ತೇನೆ ಕೇಳಿ. ಊರಾಚೆ ಒಂದು ಪ್ರಾಣಿ ಪಾರ್ಕ್ ಇದೆ. ಅಲ್ಲಿ ನೋಡುವುದಕ್ಕೆ ಇರುವುದು ಅರ್ಧ ದಿನದಷ್ಟು. ಬಂದವರು ಸಂಜೆಯವರೆಗೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಅಳಿಯನ ಕೆಲಸ.

ಪ್ರಾಣಿ ಪಾರ್ಕ್ ಎಂದ ತಕ್ಷಣ ಮೃಗಾಲಯ ಅಂದುಕೊಳ್ಳಬೇಡಿ. ಅಲ್ಲಿರುವುದೆಲ್ಲ ಫೈಬರಿನ ಪ್ರಾಣಿಗಳು. ಆನೆಯ ಸೊಂಡಿಲಿನ ಮೇಲಿಂದ ಮಕ್ಕಳು ಜಾರುತ್ತಾರೆ. ಜಿರಾಫೆಯ ಕತ್ತು ಕೂತವರನ್ನು ಮೇಲೆತ್ತಿ ಕೆಳಗಿಳಿಸುತ್ತದೆ. ನೀರಾನೆ ಬಾಯಿ ತೆರೆದು, ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದವರನ್ನೇ ಹುಡುಕಿ ನೀರು ಉಗುಳುತ್ತದೆ. ಕೊನೆಯಲ್ಲಿ ಸಿಂಹದ ಗುಹೆ. ಇಡೀ ಪಾರ್ಕಿನಲ್ಲಿ ಉಸಿರಾಡುವ ಪ್ರಾಣಿ ಎಂದರೆ ಕ್ಯಾಂಟೀನಿನ ಹಿಂದೆ ಬಿದ್ದುಕೊಂಡಿರುವ ಒಂದು ಬೆಕ್ಕು. ಅದನ್ನು ಯಾರೂ ತಂದದ್ದಲ್ಲ, ತಾನಾಗಿ ಬಂದದ್ದು.

ನಾನು ಕಣ್ಣು ಕೈಕೊಡುವವರೆಗೂ ದರ್ಜಿ ಕೆಲಸ ಮಾಡಿದವಳು. ಬಟ್ಟೆ ಸಾಲದಿದ್ದರೆ ಸಾಲದು ಎಂದು ಗಿರಾಕಿಯ ಮುಖಕ್ಕೇ ಹೇಳುತ್ತಿದ್ದೆ. ಅಳಿಯ ಹಾಗಲ್ಲ, ಕರ್ಚೀಫಿನಲ್ಲಿ ಕೋಟು ಹೊಲಿಯುವ ಆಸಾಮಿ. ಪಾರ್ಕಿನಲ್ಲಿದ್ದ ಗಡಿಯಾರಗಳನ್ನೆಲ್ಲ ತೆಗೆಸಿದ. ಟಾಯ್ಲೆಟ್ಟನ್ನು ಆ ತುದಿಗೂ ಕ್ಯಾಂಟೀನನ್ನು ಈ ತುದಿಗೂ ಹಾಕಿಸಿದ. ಪುಟ್ಟ ರೈಲು ಹತ್ತಿದರೆ ಅದು ಪಾರ್ಕೆಲ್ಲ ಸುತ್ತಿ, ಹತ್ತಿದ ಜಾಗದ ಪಕ್ಕದಲ್ಲೇ ಇಳಿಸುತ್ತದೆ. ಹೊರಗೆ ಹೋಗುವ ದಾರಿಗೆ 'ಗೂಬೆಯ ರಹಸ್ಯ' ಎಂದು ಹೆಸರಿಟ್ಟ. ಹೊರಗೆ ಹೋಗಬೇಕೆನ್ನುವವರು ಅದು ಇನ್ನೊಂದು ಆಟ ಅಂದುಕೊಂಡು ಅತ್ತ ತಲೆಹಾಕುವುದೇ ಇಲ್ಲ.

ಇವೆಲ್ಲ ಒಂದು ತೂಕವಾದರೆ ಸಿಂಹದ ಗುಹೆಯ ಕ್ಯೂ ಇನ್ನೊಂದು ತೂಕ. ಒಂದು ಸಣ್ಣ ಅಂಗಳದಲ್ಲಿ ಹಗ್ಗ ಕಟ್ಟಿ, ಅತ್ತಿಂದಿತ್ತ ಇತ್ತಿಂದತ್ತ ತಿರುಗಿಸಿ, ನೆರಿಗೆ ಹಿಡಿದ ಬಟ್ಟೆಯ ಹಾಗೆ ಮಡಿಸಿಟ್ಟಿದ್ದಾನೆ. ತಿರುವು ತಿರುವಿಗೂ ಒಂದು ಬೋರ್ಡು: 'ಇನ್ನು ಸ್ವಲ್ಪವೇ!' ಮೊದಲ ತಿರುವಿನಲ್ಲೂ ಅದೇ, ಕೊನೆಯ ತಿರುವಿನಲ್ಲೂ ಅದೇ. ಹಗ್ಗ ದಾಟಿದವರು ಮತ್ತೆ ಹಿಂದಿನಿಂದ ಬರಬೇಕು ಎಂಬ ಕಾನೂನು ಬೇರೆ. ಆ 'ಸ್ವಲ್ಪವೇ' ಎಂಬ ಮಾತು ತನ್ನ ಜೀವಮಾನದ ಸಾಧನೆ ಎಂದು ಅಳಿಯ ಊಟ ಮಾಡುವಾಗ ಹೇಳಿಕೊಳ್ಳುತ್ತಾನೆ. ಹೊತ್ತು ಹೇಳಿದರೆ ಜನ ಲೆಕ್ಕ ಹಾಕುತ್ತಾರಂತೆ, ಸ್ವಲ್ಪ ಎಂದರೆ ನಂಬುತ್ತಾರಂತೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ಇವನಿಗೇ ಹೇಳಿದ ಮಾತು. ಊರವರ ಅರ್ಧ ದಿನವನ್ನು ಪೂರ್ತಿ ದಿನ ಮಾಡಿಕೊಡುವವನಿಗೆ ಮನೆಯಲ್ಲಿ ಇರುವುದಕ್ಕೆ ಅರ್ಧ ಗಂಟೆ ಇಲ್ಲ. ಭಾನುವಾರ ಪಾರ್ಕಿನಲ್ಲಿ ಜಾತ್ರೆ, ಹಾಗಾಗಿ ಭಾನುವಾರ ರಜೆ ಇಲ್ಲ. ರಜೆ ಸಿಗುವುದು ಮಂಗಳವಾರ, ಅವತ್ತು ಮೊಮ್ಮಗಳಿಗೆ ಸ್ಕೂಲು. ಅವಳಿಗೆ ಅಪ್ಪ ಎಂದರೆ ಬೆಳಗ್ಗೆ ಕಾಣುವ ಬೆನ್ನು, ರಾತ್ರಿ ಕೇಳುವ ಗೊರಕೆ.

ಮೊಮ್ಮಗಳನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ. ಮೈಯೂ ಹಾಗೇ ಇದೆ, ಮಾತೂ ಕಡ್ಡಿ ಮುರಿದ ಹಾಗೆ. ಅವಳು ಗೊಂಬೆ ಕೇಳಲಿಲ್ಲ, ಸೈಕಲ್ಲು ಕೇಳಲಿಲ್ಲ. "ಅಪ್ಪಾ, ನಂಗೆ ಒಂದು ಭಾನುವಾರ ಬೇಕು. ಪೂರ್ತಿದು," ಎಂದಳು. ಅವನು ತಲೆ ಸವರಿ, "ಇನ್ನು ಸ್ವಲ್ಪವೇ ಪುಟ್ಟಾ," ಎಂದ. ನನಗೆ ಅವನ ಕೈಗೆ ಒಂದು ಸೂಜಿ ಚುಚ್ಚಬೇಕು ಅನ್ನಿಸಿತು.

ಹೀಗಿರುವಾಗ ಪ್ರವಾಸಿಗರ ಕೈಪಿಡಿ ಬರೆಯುವ ಒಬ್ಬ ಮನುಷ್ಯ ಪಾರ್ಕ್ ನೋಡಲು ಬರುತ್ತಾನೆಂದು ಸುದ್ದಿಯಾಯಿತು. ಆ ಕೈಪಿಡಿಯಲ್ಲಿ ಪ್ರತಿ ಜಾಗದ ಹೆಸರಿನ ಮುಂದೆ ಒಂದು ಸೂರ್ಯನ ಚಿತ್ರ ಹಾಕುತ್ತಾರೆ. ಪೂರ್ತಿ ಸೂರ್ಯ ಇದ್ದರೆ ಇಡೀ ದಿನ ಇರಬಹುದಾದ ಜಾಗ, ಅರ್ಧ ಸೂರ್ಯ ಇದ್ದರೆ ಮಧ್ಯಾಹ್ನಕ್ಕೆ ಮನೆಗೆ ಬಂದು ಮಲಗಬಹುದಾದ ಜಾಗ. ಪೂರ್ತಿ ಸೂರ್ಯ ಬಂದರೆ ಅಳಿಯನಿಗೆ ಇನ್ನು ಮೇಲೆ ಭಾನುವಾರ ರಜೆ ಕೊಡುತ್ತೇನೆ ಎಂದು ಮ್ಯಾನೇಜರು ಮಾತು ಕೊಟ್ಟ. ಆ ಮಾತು ಕೇಳಿದ ಮೇಲೆ ನಾನು ಸತ್ಯಕ್ಕೆ ಒಂದು ದಿನ ರಜೆ ಕೊಡಲು ತಯಾರಾದೆ.

ಮ್ಯಾನೇಜರು ಬಲು ಚುರುಕು. ಆ ದಿನ ಪಾರ್ಕು ತುಂಬಿರಬೇಕು, ಎಲ್ಲರ ಮುಖದಲ್ಲೂ ಸಂತೋಷ ಇರಬೇಕು ಎಂದು ಕೆಲಸಗಾರರ ಮನೆಮಂದಿಯನ್ನೆಲ್ಲ, ಮಕ್ಕಳಿಗೆ ಸ್ಕೂಲು ತಪ್ಪಿಸಿ, ಕರೆಸಿದ. ಟಿಕೆಟ್ ಕೊಡುವವಳ ಅತ್ತೆ, ಎಲೆಕ್ಟ್ರಿಷಿಯನ್ನಿನ ಷಡ್ಡಕ, ಅಡುಗೆಯವನ ಅಷ್ಟೂ ಮಕ್ಕಳು ಬಂದರು. ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ಗೇಟಿನ ಬಳಿಯೇ ಪಾಠ ಆಯಿತು: "ಅಯ್ಯೋ, ಒಂದು ದಿನ ಸಾಲೋದೇ ಇಲ್ಲ!" ಆ 'ಅಯ್ಯೋ' ಮರೆಯಬಾರದು ಎಂದು ಮ್ಯಾನೇಜರು ಎರಡೆರಡು ಸಲ ಹೇಳಿದ. ಅಳಿಯನಿಗೆ ಕೊರಳ ಕಾರ್ಡು ತೆಗೆಸಿ, "ನೀನೂ ಇವತ್ತು ಸಾಮಾನ್ಯ ಮನುಷ್ಯ, ಹೆಂಡ್ತಿ ಮಕ್ಕಳ ಜೊತೆ ಓಡಾಡು," ಎಂದು ಅಪ್ಪಣೆ ಮಾಡಿದ. ಸಾಮಾನ್ಯ ಮನುಷ್ಯನಾಗಿ ಓಡಾಡುವುದು ಹೇಗೆಂದು ತಿಳಿಯದೆ ಅವನು ಮೊದಲು ಕೈಗಳನ್ನು ಎಲ್ಲಿಡಬೇಕೆಂದೇ ಒದ್ದಾಡಿದ.

ಆನೆ ಆಯಿತು, ಜಿರಾಫೆ ಆಯಿತು, ನೀರಾನೆ ನನ್ನ ಮಗಳ ಹೊಸ ಬಟ್ಟೆಗೆ ಉಗಿದದ್ದೂ ಆಯಿತು. ಕಡ್ಡಿ ಎಲ್ಲದಕ್ಕೂ "ಹೂಂ" ಎಂದಳು. ಕ್ಯಾಂಟೀನಿನ ಹಿಂದೆ ಬೆಕ್ಕಿನ ಸುತ್ತ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಅಲ್ಲಿ ಮಾತ್ರ ಅವಳ ಕಾಲು ನಿಂತಿತು. ಕೊನೆಗೆ ಸಿಂಹದ ಗುಹೆಯ ಕ್ಯೂ ಸೇರಿದೆವು. ನಮ್ಮ ಹಿಂದೆ ಬಂದು ನಿಂತವನು ಹೆಗಲಿಗೆ ಚೀಲ, ತಲೆಗೆ ಟೋಪಿ, ಕಿವಿಯ ಮೇಲೆ ಪೆನ್ನು ಇಟ್ಟುಕೊಂಡ ಮನುಷ್ಯ. ದೂರದಲ್ಲಿ ಮ್ಯಾನೇಜರು ಜಿರಾಫೆಯ ಮರೆಯಿಂದ ಕೈಸನ್ನೆ ಮಾಡಿದ. ಕೈಪಿಡಿಯವನು ಇವನೇ ಎಂದು ಕುರಿಗೂ ತಿಳಿಯುತ್ತಿತ್ತು.

ಕ್ಯೂ ಸಾಗಲೇ ಇಲ್ಲ. ಸಾಗದ ಹಾಗೆ ಕಟ್ಟಿದವನೇ ಅದರಲ್ಲಿ ಸಿಕ್ಕಿಬಿದ್ದದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಅಳಿಯ ಮೊದಲು ಫೋನು ತೆಗೆದ. ಇವತ್ತು ಮುಟ್ಟಬಾರದು ಎಂದು ಮ್ಯಾನೇಜರು ಹೇಳಿದ್ದು ನೆನಪಾಗಿ ಜೇಬಿಗೆ ಹಾಕಿದ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಹೋಗುವ ಹಾಗಿಲ್ಲ. ಪಾಪ, ಮಗಳ ಮುಖ ನೋಡದೆ ಬೇರೆ ದಾರಿ ಇರಲಿಲ್ಲ.

"ಅಪ್ಪಾ, ನಿನ್ನ ಗಲ್ಲದ ಮೇಲೆ ಇದೇನು ಗಾಯದ ಕಲೆ?" ಎಂದಳು ಕಡ್ಡಿ.

"ಇದಾ? ನಿನ್ನಷ್ಟಿದ್ದಾಗ ಮೇಕೆ ಮೇಲೆ ಕೂತಿದ್ದೆ. ಅದಕ್ಕೆ ಇಷ್ಟ ಆಗ್ಲಿಲ್ಲ."

"ನಿಜವಾದ ಮೇಕೆನಾ?"

"ನಿಜವಾದ್ದೇ. ಫೈಬರ್ ಮೇಕೆ ಎಲ್ಲಾದ್ರೂ ಬೀಳಿಸುತ್ತಾ?"

ಅಷ್ಟೇ ಸಾಕಾಯಿತು. ಮೇಕೆ ಹೇಗೆ ಕೂಗಿತು ಎಂದು ಅವಳು ಕೇಳಿದಳು, ಅವನು ಕೂಗಿ ತೋರಿಸಿದ. ಕತ್ತೆ ಹೇಗೆ, ನರಿ ಹೇಗೆ ಎಂದು ಒಂದೊಂದೇ ಕೇಳಿದಳು. ಎರಡನೇ ತಿರುವಿಗೆ ಬರುವಾಗ ಅವಳು ಅವನ ಹೆಗಲ ಮೇಲಿದ್ದಳು, ಸುತ್ತಲಿನ ಮಕ್ಕಳೆಲ್ಲ ಅಳಿಯನಿಗೆ ಪ್ರಾಣಿಗಳ ಹೆಸರು ಕೂಗಿ ಹೇಳುತ್ತಿದ್ದರು. ಇವನು ಇಷ್ಟು ಚೆನ್ನಾಗಿ ನಗುತ್ತಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮಗಳು ಒದ್ದೆ ಬಟ್ಟೆ ಮರೆತು ಅವನನ್ನೇ ನೋಡುತ್ತಿದ್ದಳು.

ಆಮೇಲೆ ಸಿಂಹದ ಗುಹೆ ಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಕತ್ತಲಲ್ಲಿ ಕೆಂಪು ದೀಪ ಹತ್ತಿತು, ಫೈಬರಿನ ಸಿಂಹ ಬಾಯಿ ತೆರೆಯಿತು. ಸ್ಪೀಕರು ಕೆಟ್ಟಿತ್ತೋ ಏನೋ, ಗರ್ಜನೆಯ ಬದಲು ಖೊಕ್ ಖೊಕ್ ಎಂದು ಕೆಮ್ಮಿ ಸುಮ್ಮನಾಯಿತು. ನಾವು ಹೊರಗಿದ್ದೆವು.

ಹೊರಗೆ ಕೈಪಿಡಿಯವನು ನನ್ನನ್ನೇ ಹಿಡಿದ. "ಅಮ್ಮಾ, ಒಂದು ಮಾತು. ಈ ಪಾರ್ಕಿಗೆ ಪೂರ್ತಿ ದಿನ ಇಟ್ಕೊಂಡು ಬರಬಹುದಾ?"

ಮುಖಸ್ತುತಿ ಮಾಡಿ ಗೊತ್ತಿಲ್ಲದ ನಾಲಿಗೆ ಒಮ್ಮೆ ತಡವರಿಸಿತು. ಕಡ್ಡಿಯ ಭಾನುವಾರ ನೆನೆದು, "ಅಯ್ಯೋ, ಒಂದು ದಿನ ಸಾಲೋದೇ ಇಲ್ಲ!" ಎಂದೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೆಳಗ್ಗೆಯಿಂದ ಕೇಳಿದೋರೆಲ್ಲ ಇದನ್ನೇ ಹೇಳಿದ್ರು. ಆ 'ಅಯ್ಯೋ' ಕೂಡ ಒಂದೇ ಥರ." ನಾನು ಜಿರಾಫೆಯ ಕಡೆ ನೋಡಿದೆ, ಅದರ ಹಿಂದಿನಿಂದ ಇಣುಕುತ್ತಿದ್ದ ತಲೆ ಮರೆಯಾಯಿತು.

ಅವನು ಬಗ್ಗಿ ಕಡ್ಡಿಯನ್ನು ಕೇಳಿದ. "ನೀನು ಹೇಳು ಮರಿ. ಎಲ್ಲಕ್ಕಿಂತ ಏನು ಇಷ್ಟ ಆಯ್ತು?"

"ಕ್ಯೂ," ಎಂದಳು ಕಡ್ಡಿ.

"ಸಿಂಹ ಅಲ್ವಾ?"

"ಸಿಂಹಕ್ಕೆ ಕೆಮ್ಮು. ಬೆಕ್ಕು ಚೆನ್ನಾಗಿದೆ. ಕ್ಯೂ ಇನ್ನೂ ಚೆನ್ನಾಗಿದೆ. ಅದ್ರಲ್ಲಿ ಅಪ್ಪ ಎಲ್ಲೂ ಹೋಗೋಕಾಗಲ್ಲ."

ಅಳಿಯ ಬೂಟಿನ ಲೇಸು ಕಟ್ಟಲು ಬಗ್ಗಿದ. ಅದು ಬಿಚ್ಚಿರಲಿಲ್ಲ. ಕೈಪಿಡಿಯವನು ಅವನನ್ನು ನೋಡಿದ, ಹುಡುಗಿಯನ್ನು ನೋಡಿದ, ಕಿವಿಯ ಮೇಲಿನ ಪೆನ್ನು ತೆಗೆದ. ಮುಗಿಯಿತು ಕಥೆ, ಅರ್ಧ ಸೂರ್ಯ ಗ್ಯಾರಂಟಿ, ಭಾನುವಾರಕ್ಕೆ ಎಳ್ಳುನೀರು ಎಂದುಕೊಂಡು ನಾನು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಮಗುವಿಗೂ ಪಾಠ ಹೇಳಿಕೊಡಬೇಕಿತ್ತು.

ಕೈಪಿಡಿ ಅಚ್ಚಾಗಿ ಬಂತು. ನೋಡಿದರೆ ಪೂರ್ತಿ ಸೂರ್ಯ! ಅದರ ಕೆಳಗೆ ಎರಡು ಸಾಲು: 'ಪ್ರಾಣಿಗಳಿಗೆ ಅರ್ಧ ದಿನ, ಕ್ಯೂಗೆ ಇನ್ನರ್ಧ ದಿನ. ಮಕ್ಕಳೊಂದಿಗೆ ಮಾತಾಡಿ ಬಹಳ ಕಾಲವಾಗಿದ್ದರೆ ಹೋಗಿಬನ್ನಿ.' ಮ್ಯಾನೇಜರು ಆ ಎರಡು ಸಾಲನ್ನು ಕತ್ತರಿಸಿ ಎಸೆದು, ಸೂರ್ಯನಿಗೆ ಮಾತ್ರ ಕಟ್ಟು ಹಾಕಿಸಿ ಗೇಟಿನ ಮೇಲೆ ತೂಗುಹಾಕಿದ.

ಭಾನುವಾರದ ರಜೆ? ಅಳಿಯ ಅದನ್ನು ಕೇಳಲು ಹೋದರೆ ಮ್ಯಾನೇಜರು ಎದ್ದು ನಿಂತು ಕೈಕುಲುಕಿ, ಅವನನ್ನು ಮುಖ್ಯ ಅನುಭವ ವಿಸ್ತರಣಾಧಿಕಾರಿ ಮಾಡಿದ. "ಈಗ ಜನ ನುಗ್ಗಿ ಬರ್ತಾರಪ್ಪ, ಅದೂ ಭಾನುವಾರ. ನಿನ್ನಂಥೋನು ಇಲ್ದೆ ಹೇಗೆ?" ಎಂದನಂತೆ. ಕ್ಯೂ ಅಷ್ಟು ಹೆಸರು ಮಾಡಿದೆ ಎಂದು ಅದಕ್ಕೆ ಇನ್ನಷ್ಟು ನೆರಿಗೆ ಸೇರಿಸಲು ಹೇಳಿದ. ಬೆಕ್ಕಿನ ಸುತ್ತಲೂ ಹಗ್ಗ ಕಟ್ಟಿ, ಬೋರ್ಡು ನೆಟ್ಟು, ಅಲ್ಲೊಂದು ಕ್ಯೂ ಮಾಡಿಸಿದ. ಬೆಕ್ಕು ಅದನ್ನು ನೋಡಿ, ಎದ್ದು, ಮೈಮುರಿದು, ಗೂಬೆಯ ರಹಸ್ಯದ ಮೂಲಕ ಹೊರಟುಹೋಯಿತು. ಪಾರ್ಕಿನಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ.

ಮುಂದಿನ ಭಾನುವಾರ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದ ಕುರ್ಚಿಗಳೆಲ್ಲ ಅಡ್ಡಾದಿಡ್ಡಿ ನಿಂತಿದ್ದವು. ನನ್ನ ಹೊಲಿಗೆ ಮಿಷನ್ನನ್ನೂ ಕಡ್ಡಿ ನಡುವೆ ಎಳೆದು ತಂದಿದ್ದಳು. ನನ್ನ ಪೆಟ್ಟಿಗೆಯಲ್ಲಿದ್ದ ಎಲಾಸ್ಟಿಕ್ಕಿನ ಸುರುಳಿ ಪೂರ್ತಿ ಬಿಚ್ಚಿ, ಕುರ್ಚಿಯಿಂದ ಮಿಷನ್ನಿಗೆ, ಮಿಷನ್ನಿನಿಂದ ಕುರ್ಚಿಗೆ, ಅಪ್ಪನ ಕೋಣೆಯ ಬಾಗಿಲಿಂದ ಮುಂಬಾಗಿಲಿನವರೆಗೆ ಅತ್ತಿಂದಿತ್ತ ಎಳೆದು ಕಟ್ಟಿದ್ದಳು. ತಿರುವು ತಿರುವಿಗೂ ರಟ್ಟಿನ ಮೇಲೆ ಸೊಟ್ಟ ಅಕ್ಷರ: 'ಇನ್ನು ಸ್ವಲ್ಪವೇ!' ಮುಂಬಾಗಿಲ ಬಳಿ ಸ್ಟೂಲಿನ ಮೇಲೆ ಕಡ್ಡಿ, ಕೊರಳಲ್ಲಿ ಅಪ್ಪನ ಹಳೇ ಕಾರ್ಡು.

ಬೂಟು ಕೈಯಲ್ಲಿ ಹಿಡಿದು ಹೊರಬಂದ ಅಳಿಯ ನಿಂತಲ್ಲೇ ನಿಂತ. ಅಡುಗೆಮನೆಯ ಬಾಗಿಲಲ್ಲಿ ನನ್ನ ಮಗಳು ಸೌಟು ಹಿಡಿದು, ತನಗೇನೂ ಗೊತ್ತಿಲ್ಲದ ಮುಖ ಮಾಡಿದಳು.

"ಪುಟ್ಟಾ, ಅಪ್ಪಂಗೆ ಹೊತ್ತಾಯ್ತು," ಎಂದು ಅವನು ಎಲಾಸ್ಟಿಕ್ ದಾಟಲು ಕಾಲೆತ್ತಿದ.

"ಹಗ್ಗ ದಾಟೋ ಹಾಗಿಲ್ಲ," ಎಂದಳು ಕಡ್ಡಿ. "ದಾಟಿದ್ರೆ ಮತ್ತೆ ಹಿಂದಿನಿಂದ ಬರ್ಬೇಕು."

ಎತ್ತಿದ ಕಾಲು ಗಾಳಿಯಲ್ಲೇ ಉಳಿಯಿತು. "ಅತ್ತೆ, ನೀವಾದ್ರೂ ಹೇಳಿ," ಎಂದ.

"ನಾನೇನು ಹೇಳ್ಲಿ ಅಳಿಯಂದ್ರೇ? ನಿಮ್ಮದೇ ಕಾನೂನು."

ಅವನು ಮಗಳನ್ನು ನೋಡಿದ. ಅವಳು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಟಿಕೆಟ್ ನೋಡುವವರ ಹಾಗೆ ಕಾಯುತ್ತಿದ್ದಳು. ಕಾಲನ್ನು ಅವನು ಎತ್ತಿದ ಕಡೆಯೇ ಮೆಲ್ಲಗೆ ಕೆಳಗಿಟ್ಟ. ಮೊದಲ ಸಾಲಿನಲ್ಲಿ ನಡೆದ. ಕಡ್ಡಿ ಸ್ಟೂಲಿನಿಂದ ಜಿಗಿದು, ಎಲಾಸ್ಟಿಕ್ಕಿನ ಕೆಳಗೆ ನುಸುಳಿ ಬಂದು, ಅವನ ಮುಂದೆ ನಿಂತು ಬೆರಳು ಹಿಡಿದುಕೊಂಡಳು.

ಫೋನು ಹೊಡೆದುಕೊಂಡಿತು. ಮ್ಯಾನೇಜರಿನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಎಲ್ಲಿದ್ದೀಯಪ್ಪಾ? ಗೇಟಿನ ಹತ್ರ ಜನವೋ ಜನ!"

"ಕ್ಯೂನಲ್ಲಿದ್ದೀನಿ ಸಾರ್."

"ಯಾವ ಕ್ಯೂ? ಎಷ್ಟು ಹೊತ್ತಾಗುತ್ತೆ?"

ಅಳಿಯ ಮಗಳ ಕಡೆ ನೋಡಿದ. ಅವಳು ರಟ್ಟಿನ ಬೋರ್ಡಿನತ್ತ ಬೆರಳು ತೋರಿಸಿದಳು.

"ಇನ್ನು ಸ್ವಲ್ಪವೇ ಸಾರ್," ಎಂದು ಹೇಳಿ ಅವನು ಬೂಟನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ. ಕಡ್ಡಿ ಅವನ ತೊಡೆಯೇರಿ, "ಈಗ ಕತ್ತೆ ಕೂಗು," ಎಂದಳು. ನಾನು ಗೋಡೆ ಹಿಡಿದುಕೊಂಡು ಪಕ್ಕದಿಂದ ಹೋಗಿ ಮುಂಬಾಗಿಲ ಚಿಲಕ ಹಾಕಿದೆ.