ನೀರು ಬರುತ್ತಿದೆಯಂತೆ

ಈ ಕತೆಯನ್ನು ಹೇಳಹೊರಟದ್ದು ಅಧಿಕಪ್ರಸಂಗವೆನಿಸಿದರೆ ಮನ್ನಿಸಬೇಕು. ಗ್ರನಾಡಾ ಪಟ್ಟಣವನ್ನು ಕಣ್ಣಾರೆ ಕಂಡು ಹೇಳುತ್ತಿರುವುದಲ್ಲ. ಅಲ್ಲಿಯ ನೀರಿನ ಚರಿತ್ರೆ ಮೋನಪ್ಪನ ಕಿವಿಗೆ ಬಿದ್ದಷ್ಟೇ ಇಲ್ಲಿದೆ, ಅವನ ಕಿವಿಗೆ ಬಿದ್ದದ್ದು ಮುನವ್ವರ್ ಬೇಗಂ ಹೇಳಿದಷ್ಟೇ. ಹೇಳಬೇಕಾದವರು ಅವರು. ಅವರೀಗ ಇಲ್ಲ.

ಮೋನಪ್ಪ ಉಡುಪಿ ಕಡೆಯಿಂದ ಕಡಲು ದಾಟಿ ಇಲ್ಲಿಗೆ ಬಂದವನು. ಸೆರಿಟೋಸ್‌ನಿಂದ ಆಚೆಗಿರುವ ಒಂದು ಚಿಕ್ಕ ಊರಿನ ಪಾರ್ಕುಗಳಲ್ಲಿ ನಲ್ಲಿ, ಪೈಪು, ಸ್ಪ್ರಿಂಕ್ಲರ್‌ಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಮುನವ್ವರ್ ಬೇಗಂ ಮದುವೆಗೆ ಮುಂಚೆ ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಕಲಿಸಿದವರು. ದಿನಾ ಬೆಳಿಗ್ಗೆ ಆ ಪಾರ್ಕಿಗೆ ವಾಕಿಂಗ್ ಬರುತ್ತಿದ್ದರು. ಒಮ್ಮೆ ಮೋನಪ್ಪ ಫೋನಿನಲ್ಲಿ ಹೆಂಡತಿಗೆ ಏನೋ ಬೈಯುತ್ತಿದ್ದದ್ದು ಕಿವಿಗೆ ಬಿದ್ದು, ವ್ಯಾಕರಣ ಸರಿಯಿದೆ, ಮರ್ಯಾದೆ ಮಾತ್ರ ಸಾಲದು ಎಂದು ಹಿಂದಿನಿಂದ ಹೇಳಿದರು. ಪರಿಚಯವಾದದ್ದು ಹಾಗೆ. ಅಂದಿನಿಂದ ಅವನು ಅವರನ್ನು ಮೇಡಂ ಎಂದೇ ಕರೆದ.

ಅವರ ಗಂಡ ಸಿಕಂದರ್ 2019ರಲ್ಲಿ ತೀರಿಕೊಂಡರು. ಡಯಾಲಿಸಿಸ್ ಮೇಲಿದ್ದವರು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರ್ ಮಿತಿ ಹಾಕಿದ್ದರು. ಕೊನೆಯ ವಾರ ಅವರು ಬೇಡಿದ್ದು ಒಂದು ಲೋಟ ನೀರು. ಕೊಡಲಾರೆ ಎಂದವರು ಮುನವ್ವರ್ ಬೇಗಂ. ಬಾಯಾರಿದವರು ಕುಡಿದ ಒಂದೊಂದು ಗುಟುಕಿನ ಪುಣ್ಯವೂ ಸತ್ತವರಿಗೆ ಮುಟ್ಟುತ್ತದೆ ಎಂಬುದು ಅವರ ಮನೆಯ ನಂಬಿಕೆ. ಹಾಗಾಗಿ ಪಾರ್ಕಿನಲ್ಲಿ ಗಂಡನಿಗಾಗಿ ಒಂದು ಕುಡಿಯುವ ನೀರಿನ ಫೌಂಟನ್ ಹಾಕಿಸಲು ಅಪ್ಲೈ ಮಾಡಿದರು. ಕೆಳಗೆ ಹಕ್ಕಿಗಳಿಗೆಂದು ಒಂದು ಬಟ್ಟಲೂ ಇರಬೇಕು ಎಂದು ಹಟ ಹಿಡಿದರು.

ಫಾರಂ ತುಂಬಿದ್ದು ಪಾರ್ಕಿನ ಕಲ್ಲುಬೆಂಚಿನ ಮೇಲೆ, ಮೋನಪ್ಪನ ಪೆನ್ನಿನಲ್ಲಿ. ಫಲಕದ ಮೇಲೆ ಯಾರ ಹೆಸರು ಎಂಬ ಖಾನೆಗೆ ಬಂದಾಗ ಮೇಡಂ ಪೆನ್ನು ಕೆಳಗಿಟ್ಟು ಗ್ರನಾಡಾದ ಕತೆ ತೆಗೆದರು. ಗಂಡನ ಜೊತೆ ಒಂದು ರಜೆಯಲ್ಲಿ ಹೋಗಿ ನೋಡಿ ಬಂದ ಊರು ಅದು. ಅಲ್ಲಿ ಗುಡ್ಡದ ಮೇಲೆ ಹಳೆಯ ಮುಸ್ಲಿಮರ ಕೇರಿ. ದೂರದ ಬುಗ್ಗೆಯಿಂದ ಕಾಲುವೆಯಲ್ಲಿ ಬಂದ ನೀರು ಮಸೀದಿಗಳ ಪಕ್ಕದ ಇಟ್ಟಿಗೆ ತೊಟ್ಟಿಗಳಲ್ಲಿ ತುಂಬುತ್ತಿತ್ತು. ಆ ಬುಗ್ಗೆಯ ಅರಬ್ಬಿ ಹೆಸರಿನ ಅರ್ಥ ಕಣ್ಣೀರಿನ ಬುಗ್ಗೆ. ಅರಬ್ಬಿಯಲ್ಲಿ ಕಣ್ಣಿಗೂ ಬುಗ್ಗೆಗೂ ಒಂದೇ ಶಬ್ದ, ನಮ್ಮಲ್ಲಿ ಬಾವಿಯ ತಳದ ಸೆಲೆಗೆ ಕಣ್ಣು ಅನ್ನುವುದಿಲ್ಲವೇ ಹಾಗೆ ಎಂದರು. ರಾಜರು ಬದಲಾದರು, ಮಸೀದಿಗಳು ಇಗರ್ಜಿಗಳಾದವು, ತೊಟ್ಟಿಗಳು ಮಾತ್ರ ನೂರಾರು ವರ್ಷ ನೀರು ಕೊಡುತ್ತಲೇ ಇದ್ದವು. ಎಷ್ಟೋ ತೊಟ್ಟಿಗಳನ್ನು ಕಟ್ಟಿಸಿದವರ ಹೆಸರು ಯಾರಿಗೂ ತಿಳಿಯದು. ಹೆಸರಿದ್ದಿದ್ದರೆ ಗೆದ್ದವರು ಕೆತ್ತಿ ತೆಗೆದುಬಿಡುತ್ತಿದ್ದರೋ ಏನೋ ಎಂದು ಮೇಡಂ ನಕ್ಕರು.

"ಹೆಸರು ಬೇಡ. ಕೊಟ್ಟದ್ದು ಬಲಗೈಯಾದರೆ ಎಡಗೈಗೂ ತಿಳಿಯಬಾರದು. ಹೆಸರಿಲ್ಲದಿದ್ರೆ ಏನಾದ್ರೂ ತೊಂದ್ರೆ ಇದೆಯಾ ಮೋನಪ್ಪ?"

"ಎಂತ ತೊಂದರೆ ಮೇಡಂ? ನಾನಿಲ್ವಾ?"

ಹೆಸರು ಬೇಡ ಎಂಬಲ್ಲಿ ಗುರುತು ಹಾಕಿದ್ದು ಅವನ ಕೈ.

2020ರ ಫೆಬ್ರವರಿ ಕೊನೆಯಲ್ಲಿ ಫೌಂಟನ್ ಬಂತು. ಮೂರು ವಾರ ನೀರು ಹರಿಯಿತು. ನಾಲ್ಕನೆಯ ವಾರ ಕೋವಿಡ್ ಬಂತು. ಊರಿನ ಎಲ್ಲ ಫೌಂಟನ್‌ಗಳನ್ನೂ ಬಂದ್ ಮಾಡಲು ಆರ್ಡರ್ ಆಯಿತು. ಮೋನಪ್ಪ ವಾಲ್ವ್ ತಿರುಗಿಸಿ, ಕಪ್ಪು ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿದ. ದೂರದಲ್ಲಿ ಮಾಸ್ಕ್ ಹಾಕಿ ನಿಂತಿದ್ದ ಮೇಡಂಗೆ, ಹದಿನೈದು ದಿನ ಅಷ್ಟೇ ಎಂದು ಕೂಗಿ ಹೇಳಿದ.

ಮರುವರ್ಷ ಅವರು ಬೆನ್ನುಮೂಳೆ ಮುರಿದುಕೊಂಡು ಮಗಳ ಮನೆಗೆ, ಸ್ಯಾನ್ ಡಿಯಾಗೋಗೆ ಹೋದರು. ಮಗಳು ನಮ್ರಾಗೆ ಅಲ್ಲಿಯ ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ಕೆಲಸ. ಕಾರಿನಲ್ಲಿ ಎರಡು ಗಂಟೆ ಕೂರುವುದು ಇನ್ನು ಮೇಡಂ ಕೈಲಾಗದು. ಅದಕ್ಕೇ ನೀರು ಬಂತೇ ಎಂದು ಕೇಳಲು ಮೋನಪ್ಪನಿಗೆ ಶುಕ್ರವಾರ ಶುಕ್ರವಾರ ಫೋನ್ ಮಾಡತೊಡಗಿದರು. ಪಕ್ಕದ ಊರುಗಳಲ್ಲಿ ಫೌಂಟನ್‌ಗಳು ತೆರೆದಿದ್ದವು. ತಮ್ಮಲ್ಲೂ ಮುಂದಿನ ವಾರ ಎಂದು ಸೂಪರ್‌ವೈಸರ್ ಹೇಳಿದ್ದ. ಹೇಗೂ ಬರುವ ನೀರು, ಒಂದು ವಾರ ಮೊದಲೇ ಹೇಳಿದರೆ ಏನಾಯಿತು ಎಂದುಕೊಂಡ ಮೋನಪ್ಪ.

"ಬರ್ತಾ ಉಂಟು ಮೇಡಂ."

"ಉಂಟೋ, ಉಂಟಂತೆಯೋ? ನೀವೇ ಕಂಡಿದ್ದಾದ್ರೆ ಉಂಟು. ಯಾರೋ ಹೇಳಿದ್ದಾದ್ರೆ ಅಂತೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನ ಕಲಿಸೋಕೆ ನನಗೆ ಒಂದು ತಿಂಗಳು ಬೇಕಾಗಿತ್ತು."

"ಉಂಟೇ ಮೇಡಂ."

ಆ ಮುಂದಿನ ವಾರ ಬರಲೇ ಇಲ್ಲ. ಮುಚ್ಚಿಟ್ಟ ಪೈಪುಗಳು ಒಳಗೇ ತುಕ್ಕು ಹಿಡಿದಿದ್ದವು. ಎಲ್ಲವನ್ನೂ ರಿಪೇರಿ ಮಾಡಲಾಗದೆ ಊರಿನ ಆಫೀಸಿನವರು ಒಂದು ಪಟ್ಟಿ ಮಾಡಿದರು. ಯಾರದಾದರೂ ನೆನಪಿಗೆ ಹಾಕಿಸಿದ ಫೌಂಟನ್‌ಗಳು ಮೊದಲು, ಉಳಿದವನ್ನು ಕಿತ್ತು ಹಾಕುವುದು. ಮೇಡಂದು ಉಳಿದವುಗಳಲ್ಲಿತ್ತು. ಇದೂ ನೆನಪಿನದೇ ಎಂದು ಮೋನಪ್ಪ ಎರಡು ಸಲ ಆಫೀಸಿಗೆ ಹೋಗಿ ಹೇಳಿದ. ಯಾರ ನೆನಪು, ಎಲ್ಲಿ ಬರೆದಿದೆ ಎಂದು ಕೇಳಿದರು. ಫೈಲು ತೆಗೆಸಿದರೆ ಅದರಲ್ಲಿದ್ದದ್ದು ಅವನೇ ಹಾಕಿದ ಗುರುತು. 2023ರಲ್ಲಿ ಬೋಲ್ಟು ಬಿಚ್ಚಿ, ಪೈಪಿನ ಬಾಯಿ ಮುಚ್ಚಿ, ಮೇಲೆ ಕಾಂಕ್ರೀಟು ಸುರಿದವನೂ ಅವನೇ.

ಆ ಶುಕ್ರವಾರವೂ ಬರ್ತಾ ಉಂಟು ಎಂದ. ಒಮ್ಮೆ ಹೇಳಿದ ಸುಳ್ಳನ್ನು ವಾರಕ್ಕೊಮ್ಮೆ ಹೇಳುವುದು ಅಷ್ಟು ಕಷ್ಟವಲ್ಲ, ನಿಲ್ಲಿಸುವುದೇ ಕಷ್ಟ.

ಕಳೆದ ವರ್ಷ ನಮ್ರಾಳ ಫೋನ್ ಬಂತು. ಅಮ್ಮಿಗೆ ತುಂಬಾ ಹುಷಾರಿಲ್ಲ, ಫೌಂಟನ್‌ನ ಒಂದು ವಿಡಿಯೋ ಕಳಿಸಿ ಅಂಕಲ್ ಎಂದಳು. ಮೋನಪ್ಪ ವೆಸ್ಟ್ ಕೊವಿನಾದವರೆಗೆ ಡ್ರೈವ್ ಮಾಡಿ, ಅದೇ ಬಣ್ಣದ ಫೌಂಟನ್ ಇದ್ದ ಒಂದು ಪಾರ್ಕು ಹುಡುಕಿ, ಗುಂಡಿ ಒತ್ತಿ ವಿಡಿಯೋ ಮಾಡಿದ. ಅದಕ್ಕೆ ಕೆಳಗೆ ಬಟ್ಟಲಿರಲಿಲ್ಲ. ಬಟ್ಟಲಿನ ನೆನಪಾದದ್ದು ಕಳಿಸಿದ ಮೇಲೆ. ಅಮ್ಮಿ ಮೂರು ಸಲ ನೋಡಿದರು ಎಂದು ನಮ್ರಾ ಮೆಸೇಜ್ ಮಾಡಿದಳು. ಮುಂದಿನ ಶುಕ್ರವಾರ ಫೋನ್ ಬರಲಿಲ್ಲ. ಗುರುವಾರವೇ ಮಣ್ಣಾಗಿತ್ತು.

ಎರಡು ವಾರ ಬಿಟ್ಟು ಮೋನಪ್ಪ ಸ್ಯಾನ್ ಡಿಯಾಗೋಗೆ ಹೋದ. ನಲವತ್ತನೆಯ ದಿನ ಎಲ್ಲರೂ ಪಾರ್ಕಿಗೆ ಬಂದು ಆ ನೀರು ಕುಡಿಯುತ್ತೇವೆ ಎಂದು ನಮ್ರಾ ಚಹಾ ಕೊಡುತ್ತಾ ಹೇಳಿದಳು. ಅವನು ಕಪ್ಪನ್ನು ಹಾಗೇ ಕೆಳಗಿಟ್ಟು ಎಲ್ಲವನ್ನೂ ಹೇಳಿದ. ಕಾಂಕ್ರೀಟು, ವೆಸ್ಟ್ ಕೊವಿನಾ, ಎಲ್ಲವನ್ನೂ.

ಅವಳು ಒಂದೇ ಪ್ರಶ್ನೆ ಕೇಳಿದಳು.

"ಹೆಸರು ಹಾಕಿದ್ರೆ ಇರ್ತಿತ್ತಾ ಅಂಕಲ್?"

"ಇರ್ತಿತ್ತು."

ಅವಳು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಆಡಿದರೂ ಓದಲು ಬಾರದು. ಅಮ್ಮಿ ಬರೀತಾ ಇದ್ರು, ಏನಿದೆ ಓದಿ ಎಂದಳು. ಮೊದಲ ಪುಟಗಳಲ್ಲಿ ಗ್ರನಾಡಾದ ತೊಟ್ಟಿಗಳ ವಿಷಯ, ಗುಡ್ಡದ ಒಂದು ಚಿತ್ರ. ಆಮೇಲೆ ಬರೀ ಶುಕ್ರವಾರಗಳು. ಪ್ರತಿ ತಾರೀಖಿನ ಮುಂದೆ ಮೇಷ್ಟರಿಕೆಯ ದುಂಡು ಅಕ್ಷರದಲ್ಲಿ ಒಂದೇ ಸಾಲು: ನೀರು ಬರುತ್ತಿದೆಯಂತೆ. ಮೋನಪ್ಪ ಒಂದೊಂದನ್ನೂ ಓದಿದ. ಅವಳು ಸಾಕು ಎನ್ನಲಿಲ್ಲ. ಕೊನೆಯ ತಾರೀಖು ವಿಡಿಯೋ ಕಳಿಸಿದ ದಿನದ್ದು.

ವಿಡಿಯೋ ನೋಡಿದೆ. ನೀರು ಬರುತ್ತಿದೆಯಂತೆ.

"ಕಣ್ಣಲ್ಲಿ ನೋಡಿದ ಮೇಲೂ 'ಅಂತೆ' ಯಾಕೆ ಅಂಕಲ್? ಅಮ್ಮಿಗೆ ಗೊತ್ತಾಗಿತ್ತಾ?"

ವರ್ಷಗಟ್ಟಲೆ ಬರೆದ ಅಭ್ಯಾಸಕ್ಕೆ ಕೈ ತಾನಾಗಿ ಬರೆಯಿತೋ, ಬಟ್ಟಲಿಲ್ಲದ್ದನ್ನು ಕಂಡು ಮೇಡಂ ಬೇಕೆಂದೇ ಬರೆದರೋ, ಮೋನಪ್ಪನಿಗೆ ಹೇಳಲಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ನೀರು ಹರಿದ ಆ ಮೂರು ವಾರಗಳಲ್ಲಿ ಎಷ್ಟು ಜನ ಕುಡಿದರು ಎಂಬುದೂ ಗೊತ್ತಿಲ್ಲ.