ಗಾರೆ ತಿಂದ ಜಾಗ

“ತಲೆ ಕಡೆಯವರು ಸ್ವಲ್ಪ ಎತ್ರಪ್ಪಾ... ಕಾಲ ಕಡೆ ಇಳಿಸಿ... ಅಯ್ಯೋ, ನನ್ನ ಬೆರಳು!”

ಪೆಟ್ಟಿಗೆ ನಿಂತಿತು. ಮಲಗುವ ಕೋಣೆಯಿಂದ ಹೊರಟು ಪ್ಯಾಸೇಜಿನಲ್ಲಿ ಸಾಗಿ, ನಡುಮನೆಗೆ ತಿರುಗಬೇಕಾದ ಮೂಲೆಯಲ್ಲಿ ಅದರ ಅಂಚು ಗೋಡೆಗೆ ಕಚ್ಚಿಕೊಂಡಿತು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ಇದೇ ದಾರಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ಈಗ ಅದರೊಳಗೆ ದರ್ಜಿ ಮಲಗಿದ್ದರು; ನಿಲ್ಲಿಸುವ ಹಾಗಿರಲಿಲ್ಲ.

ಹೊತ್ತವರೆಲ್ಲರೂ ಅದೇ ಬೀದಿಯವರು. ಎಲ್ಲರ ಮೈಮೇಲೂ ದರ್ಜಿಯೇ ಹೊಲಿದ ಅಂಗಿ. ಭುಜ ಜಾರಿ, ತೋಳು ಬೆರಳವರೆಗೆ ಇಳಿದ ಅಂಗಿಗಳು. ಬೀದಿಯವರು ಅವರನ್ನು ‘ಧಾರಾಳ ಮಾಸ್ಟ್ರು’ ಎಂದು ಕರೆಯುತ್ತಿದ್ದುದು ಆ ಕಾರಣಕ್ಕೇ. ಯಾರಾದರೂ ದೂರಿದರೆ, “ಉಸಿರಾಡೋಕೆ ಜಾಗ ಬಿಟ್ಟಿದ್ದೀನಿ, ತಗೊಂಡು ಹೋಗು” ಎನ್ನುತ್ತಿದ್ದರು.

“ಹಿಂದಕ್ಕೆ ತಗೊಳ್ಳಿ. ಅಡುಗೆಮನೆ ಕಡೆಯಿಂದ ಹಿತ್ತಲ ಬಾಗಿಲಿಗೆ ಹೋಗೋಣ,” ಎಂದರು ದರ್ಜಿಯ ತಮ್ಮ.

“ಬೇಡ ಚಿಕ್ಕಪ್ಪ. ಮುಂಬಾಗಿಲಿಂದಲೇ ಹೋಗಬೇಕು,” ಎಂದಳು ಮಗಳು.

“ಹೋಗೋರಿಗೆ ಯಾವ ಬಾಗಿಲಾದ್ರೇನಮ್ಮ?”

“ಅಪ್ಪನಿಗೆ ವ್ಯತ್ಯಾಸ ಆಗುತ್ತೆ. ಈ ಪ್ಯಾಸೇಜಿಗೋಸ್ಕರ ಎಷ್ಟು ಜಗಳ ಆಡಿದ್ರು, ನಿಮಗೆ ಗೊತ್ತಿಲ್ವಾ? ಇವತ್ತೂ ಸುತ್ತಿಕೊಂಡು ಹೋಗ್ಬೇಕಾ?”

ಎದುರುಮನೆಯಾಕೆ ಕಣ್ಣೊರೆಸಿಕೊಂಡಳು. “ಹೇಳ್ತಾನೇ ಇದ್ರು ಪಾಪ. ನನ್ನನ್ನ ಆಚೆ ತರೋ ದಿನ ಗೊತ್ತಾಗುತ್ತೆ ನಿಮಗೆ ಅಂತ. ನಾವೆಲ್ಲ ನಗ್ತಿದ್ವಿ.”

ಆಗ ಒಬ್ಬ ನಕ್ಕನೆಂದು ಕೆಲವರು ಹೇಳುತ್ತಾರೆ. ಅದು ಕೆಮ್ಮು ಎಂದು ಹತ್ತಿರ ನಿಂತಿದ್ದವರು ಹೇಳುತ್ತಾರೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಒಂದು ನೆರಳು ಬಿತ್ತು. ಆ ಗೋಡೆ ಕಟ್ಟಿದ ಗಾರೆ ಮೇಸ್ತ್ರಿ ಹೆಗಲಿಗೆ ಹತಾರದ ಚೀಲ ಹಾಕಿಕೊಂಡು, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತಿದ್ದ.

“ಬಂದ ನೋಡಿ!” ಎಂದರು ಚಿಕ್ಕಪ್ಪ. “ಮನುಷ್ಯ ಇನ್ನೂ ಹೊಸ್ತಿಲು ದಾಟಿಲ್ಲ, ಇವನು ಬಾಕಿ ವಸೂಲಿಗೆ ಬಂದ!”

ಬಾಕಿ ಏನೂ ಉಳಿದಿಲ್ಲವೆಂಬುದು ಆ ಮನೆಯಲ್ಲಿ ಮಗಳೊಬ್ಬಳಿಗೇ ಗೊತ್ತಿತ್ತು. ಅವಳು ತಲೆ ತಗ್ಗಿಸಿದಳು.

*

ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಅಂಗಡಿ ಬಿಟ್ಟು, ಹೊಲಿಗೆಯಂತ್ರವನ್ನು ಮನೆಗೇ ತಂದರು. ಅದಕ್ಕೊಂದು ಕೋಣೆ ಬೇಕೆಂದು, ಪಕ್ಕದಲ್ಲಿ ಓಡಾಡಲು ಪ್ಯಾಸೇಜು ಬಿಟ್ಟು, ನಡುಮನೆಗೆ ಅಡ್ಡಗೋಡೆ ಹಾಕಿಸಿದರು. ಗೋಡೆ ಎದ್ದಿತು, ಆದರೆ ನಡುವೆ ಹೊಟ್ಟೆ ಬಿಟ್ಟುಕೊಂಡು ಎದ್ದಿತು. ಮೇಸ್ತ್ರಿ ಆ ಉಬ್ಬು ಕಾಣದ ಹಾಗೆ ಮೇಲೂ ಕೆಳಗೂ ಗಾರೆ ಮೆತ್ತಿದ. ಬಿಲ್ಲಿನಲ್ಲಿ ‘ಹೆಚ್ಚುವರಿ ಗಾರೆ’ ಎಂದು ಬೇರೆಯೇ ಬರೆದ.

“ನನ್ನ ದಾರಿ ತಿಂದಿದ್ದು ನಿನ್ನ ಗಾರೆ,” ಎಂದರು ದರ್ಜಿ. “ಅದರ ಊಟದ ಖರ್ಚೂ ನಾನೇ ಕೊಡ್ಬೇಕಾ?”

“ಅಳತೆ ಸರಿಯಾಗಿದೆ ಮಾಸ್ಟ್ರೇ. ಇಟ್ಟಿಗೆ ಇಡೋವಾಗ ನಿಮ್ಮ ಮುಂದೆಯೇ ಟೇಪು ಹಿಡಿದೆ.”

“ಇಟ್ಟಿಗೆಗೆ ಹಿಡಿದೆ. ನಾನು ಓಡಾಡೋದು ಗಾರೆ ಆದ ಮೇಲೆ!” ದರ್ಜಿ ಕೊರಳಲ್ಲಿದ್ದ ಬಟ್ಟೆಯ ಟೇಪನ್ನು ಗೋಡೆಯಿಂದ ಗೋಡೆಗೆ ಹಿಡಿದರು. “ನೋಡು, ನಾಲ್ಕು ಬೆರಳು ಕಮ್ಮಿ.”

ಮೇಸ್ತ್ರಿ ತನ್ನ ಉಕ್ಕಿನ ಟೇಪನ್ನು ಅದರ ಪಕ್ಕಕ್ಕೆ ಹಿಡಿದ. ವರ್ಷಗಟ್ಟಲೆ ಬೀದಿಯವರ ಎದೆ, ಸೊಂಟ ಸುತ್ತಿ ಸುತ್ತಿ ಬಟ್ಟೆಯ ಟೇಪು ಹಿಗ್ಗಿಹೋಗಿತ್ತು. ಉಕ್ಕಿನ ಲೆಕ್ಕದಲ್ಲಿ ಕೊರತೆ ಇದ್ದರೂ ಅಷ್ಟಿರಲಿಲ್ಲ.

“ನಿಮ್ಮ ಟೇಪೇ ಹಿಗ್ಗಿದೆ ಮಾಸ್ಟ್ರೇ.”

“ನಿಂದು ಕುಗ್ಗಿದೆ.”

“ಉಕ್ಕು ಕುಗ್ಗುತ್ತಾ?”

“ಚಳಿಗೆ ಮನುಷ್ಯನೇ ಕುಗ್ತಾನೆ, ಉಕ್ಕೇನು ಮಹಾ!”

ಗೋಡೆ ಸರಿಪಡಿಸದೆ ಕೊನೆಯ ಕಂತು ಕೊಡುವುದಿಲ್ಲವೆಂದು ದರ್ಜಿ. ಕಂತು ಕೈಗೆ ಬಾರದೆ ಗೋಡೆ ಮುಟ್ಟುವುದಿಲ್ಲವೆಂದು ಮೇಸ್ತ್ರಿ. ಭಾನುವಾರ ಬಂತೆಂದರೆ ಅವನು ಬರುತ್ತಿದ್ದ. ಕೂಗಾಟ ಬೀದಿಯ ತುದಿಗೆ ಕೇಳುತ್ತಿತ್ತು. ಮಗಳು ಚಹಾ ತಂದಿಟ್ಟಾಗ ಇಬ್ಬರೂ ಬಾಯಿ ಮುಚ್ಚಿ ಕುಡಿದು, ಲೋಟ ಕೆಳಗಿಟ್ಟು, ಬಿಟ್ಟ ಮಾತಿನಿಂದಲೇ ಮತ್ತೆ ಶುರುಮಾಡುತ್ತಿದ್ದರು.

ಅಪ್ಪನಿಗೆ ಎದೆನೋವು ಬಂದ ವಾರ, ಮಗಳು ಗುಟ್ಟಾಗಿ ಮೇಸ್ತ್ರಿಯ ಮನೆಗೆ ಹೋಗಿ ಕಂತು ತೀರಿಸಿದಳು. “ಇನ್ನು ಬರಬೇಡಿ. ಅಪ್ಪನಿಗೆ ನೆಮ್ಮದಿ ಬೇಕು,” ಎಂದಳು.

ಮುಂದಿನ ಭಾನುವಾರ ದರ್ಜಿ ಒಗೆದ ಅಂಗಿ ತೊಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತರು. ಯಾರೂ ಬರಲಿಲ್ಲ. ಅದರಾಚೆಯ ಭಾನುವಾರವೂ ಕೂತರು.

“ಏನಾಯ್ತಮ್ಮ ಅವನಿಗೆ? ಹುಷಾರಿಲ್ವೇನೋ?”

“ಬಿಟ್ಟುಬಿಟ್ಟಿರಬೇಕಪ್ಪ. ನೀವೇ ಗೆದ್ರಿ.”

“ಗೆದ್ದಿದ್ರೆ ಗೋಡೆ ಯಾಕೆ ಹಾಗೇ ಇದೆ?”

ಅಂದಿನಿಂದ ದರ್ಜಿ ಹೊಲಿಯುವುದನ್ನು ಕಡಿಮೆ ಮಾಡಿದರು, ಮಾತನ್ನೂ. ತಾನು ಕೊಂಡದ್ದು ಅಪ್ಪನ ನೆಮ್ಮದಿಯನ್ನೋ, ಅಪ್ಪನ ಕೊನೆಯ ಕೆಲಸವನ್ನೋ ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

*

“ದುಡ್ಡಿಗೆ ಬಂದಿಲ್ಲ ಸ್ವಾಮಿ,” ಎಂದ ಮೇಸ್ತ್ರಿ. ಅವನ ಕಣ್ಣು ಮಗಳ ಕಡೆ ಹೋಗಿ ಹಿಂತಿರುಗಿತು. ಅವನು ಗುಟ್ಟು ಒಡೆಯಲಿಲ್ಲ.

“ಮತ್ತೆ ಚೀಲ ಯಾಕೆ ತಂದೆ?”

“ಮೊನ್ನೆ ಮಾಸ್ಟ್ರು ದಾರೀಲಿ ಸಿಕ್ಕಿದ್ರು. ಯಾಕಯ್ಯ ಬರ್ತಿಲ್ಲ ಅಂದ್ರು. ಏನು ಹೇಳೋದು? ನಾನೇ ಸೋತೆ ಅಂದೆ. ಹಾಗಾದ್ರೆ ಬಂದು ಗೋಡೆ ಸರಿಮಾಡು ಅಂದ್ರು. ನಾಳೆ ಬರ್ತೀನಿ ಅಂದುಬಿಟ್ಟೆ.” ಮೇಸ್ತ್ರಿ ನೆಲ ನೋಡಿದ. “ನಮ್ಮ ನಾಳೆ ಗೊತ್ತಲ್ಲ ನಿಮಗೆ.”

“ಅಪ್ಪ ಏನಂದ್ರು?” ಎಂದಳು ಮಗಳು.

“ನಕ್ರು. ಭಾನುವಾರವೇ ಬಾ, ಟೇಪು ತಗೊಂಡು ಬಾ ಅಂದ್ರು.”

ಆ ದಿನವೂ ಭಾನುವಾರವೇ ಆಗಿತ್ತು.

ಪೆಟ್ಟಿಗೆಯನ್ನು ಕೋಣೆಗೆ ಹಿಂದಕ್ಕೆ ಸರಿಸಿದರು. ಮೇಸ್ತ್ರಿ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉಳಿ ಇಟ್ಟು ಹೊಡೆದ. ಸಾವಿನ ಮನೆಯಲ್ಲಿ ಸುತ್ತಿಗೆಯ ಸದ್ದು ಕೇಳಿ ಬೀದಿಯ ಮಂದಿಯೆಲ್ಲ ಕಿಟಕಿಗೆ ಮುಖ ಒತ್ತಿದರು. ಗಾರೆ ದಪ್ಪ ಹಲಗೆಯಾಗಿ ಕಳಚಿ ಬಿತ್ತು. ಒಳಗೆ ಇಟ್ಟಿಗೆಗಳು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದವು.

“ಅಬ್ಬಾ! ಇದೇನಯ್ಯ, ಗೋಡೆ ಬಸುರಿ!” ಎಂದಳು ಎದುರುಮನೆಯಾಕೆ, ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಸ್ತ್ರಿ ಆ ಇಟ್ಟಿಗೆಗಳನ್ನೂ ಕೆತ್ತಿದ. ಧೂಳು ಎಲ್ಲರ ಸಡಿಲ ಅಂಗಿಗಳ ಮೇಲೆ ಕೂತಿತು. ಮತ್ತೆ ಪೆಟ್ಟಿಗೆ ಎತ್ತಿದಾಗ ಅದು ಮೂಲೆಗೆ ತಾಗದೆ ತಿರುಗಿತು. ಧಾರಾಳ ಮಾಸ್ಟ್ರು ಮುಂಬಾಗಿಲಿಂದ ಹೊರಟರು.

*

ಮಣ್ಣು ಮಾಡಿ ಎಲ್ಲರೂ ಮರಳುವ ಹೊತ್ತಿಗೆ ಮೇಸ್ತ್ರಿ ಒಡೆದ ಅಂಚನ್ನು ಚೊಕ್ಕಟಗೊಳಿಸುತ್ತಿದ್ದ. ಅವನು ಸ್ಮಶಾನಕ್ಕೆ ಬಂದಿದ್ದನೋ, ಇಲ್ಲಿಯೇ ಉಳಿದಿದ್ದನೋ ಎಂಬ ವಿಷಯದಲ್ಲಿ ನೋಡಿದವರ ಮಾತು ಒಂದಕ್ಕೊಂದು ಕೂಡುವುದಿಲ್ಲ.

“ಆಯ್ತಮ್ಮ,” ಎಂದು ಎದ್ದ. “ಮೇಲೆ ತೆಳ್ಳಗೆ ಒಂದು ಕೈ ಗಾರೆ ಹಾಕಿದ್ರೆ ಮುಗೀತು. ಈಗ ಅಳತೆ ಸರಿಯಾಗಿದೆ.”

ಮಗಳು ಹೊಲಿಗೆಯ ಕೋಣೆಗೆ ಹೋದಳು. ಹೊಲಿಗೆಯಂತ್ರದ ಮೇಲೆ ಸುರುಳಿಯಾಗಿದ್ದ ಬಟ್ಟೆಯ ಟೇಪನ್ನು ತಂದು, ಒಂದು ತುದಿಯನ್ನು ಅವನ ಕಡೆ ಚಾಚಿದಳು. ಮೇಸ್ತ್ರಿಯ ಕೈ ಜೇಬಿನಲ್ಲಿದ್ದ ಉಕ್ಕಿನ ಟೇಪಿನ ಕಡೆ ಹೋಗಿ, ನಿಂತು, ಬರಿದಾಗಿ ಹೊರಬಂತು. ಅವನು ಆ ತುದಿಯನ್ನು ಹಿಡಿದು ಗೋಡೆಗೆ ಒತ್ತಿದ.

ಅವಳು ಎದುರು ಗೋಡೆಗೆ ಬಾಗಿ ಅಂಕಿ ನೋಡಿದಳು.

“ಇನ್ನೂ ಎರಡು ಬೆರಳು ಕಮ್ಮಿ ಇದೆ.”

“ಎಲ್ಲಿದೆಯಮ್ಮ? ಸರಿಯಾಗಿ ಎಳೆದು ನೋಡಿ!” ಮೇಸ್ತ್ರಿಯ ದನಿ ಏರಿತು.

“ಎಳೆದೇ ನೋಡಿದೆ. ನೀವು ಆ ಕಡೆ ಸಡಿಲ ಬಿಟ್ಟಿದ್ದೀರಿ.”

“ನಾನಾ?”

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡಿದರು. ಅಂಕಿ ಮಾಸಿದ ಹಳದಿ ಟೇಪು ಪ್ಯಾಸೇಜಿಗೆ ಅಡ್ಡಲಾಗಿ ಬಿಗಿದಿತ್ತು. ಎರಡು ತುದಿಯ ಕೈಗಳಲ್ಲಿ ಒಂದೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಎದುರುಮನೆಯಾಕೆ ಚಹಾಕ್ಕೆ ನೀರಿಟ್ಟಳು.